ಪ್ರವಾಹದ ದೃಶ್ಯ

"'ಪ್ರವಾಹ ಬಕೆಟ್ಟಿನಿಂದ ಚೆಲ್ಲಿದ ನೀರಿನಂತಿದೆ.'" ಅಣ್ಣ ಬರೆದ ಸಾಲನ್ನು ಗಟ್ಟಿಯಾಗಿ ಓದಿದ ತಂಗಿ, ಪತ್ರಿಕೆಯನ್ನು ಅವನ ತಟ್ಟೆಯ ಪಕ್ಕಕ್ಕೆ ಎಸೆದಳು. "ಎರಡು ವರ್ಷದ ಕೆಲಸ ಕಣೋ ಅದು."

ಅಣ್ಣ ಸಿನಿಮಾ ವಿಮರ್ಶಕ. ಅವನ ಕಟುಮಾತು ಓದಲೆಂದೇ ಜನ ಪತ್ರಿಕೆ ಕೊಳ್ಳುತ್ತಿದ್ದರು. ತಂಗಿ ಗ್ರಾಫಿಕ್ಸ್ ಕಲಾವಿದೆ. ಯಂತ್ರಮಾನವರು ಮುಂದಿನ ಶತಮಾನದ ನಗರವೊಂದನ್ನು ಮುತ್ತುವ ಆ ಭಾರೀ ಚಿತ್ರದಲ್ಲಿ, ಅಣೆಕಟ್ಟು ಒಡೆದು ಊರು ಮುಳುಗುವ ದೃಶ್ಯ ಅವಳ ತಂಡದ್ದು. ಮೊನ್ನೆ ಅಮ್ಮನನ್ನೂ ಅಣ್ಣನನ್ನೂ ಕರೆದೊಯ್ದು ತೋರಿಸಿದ್ದಳು.

"ಚಿತ್ರ ಚೆನ್ನಾಗಿಲ್ಲ. ಚೆನ್ನಾಗಿಲ್ಲ ಅಂತ ಬರೆದೆ," ಎಂದ ಅಣ್ಣ, ತಲೆ ಎತ್ತದೆ.

"ಅದು ನಂಗೂ ಗೊತ್ತು. ಕಥೆಗೆ ತಲೆಬುಡ ಇಲ್ಲ. ಹೀರೋ ಆಕಾಶದಿಂದ ಬಿದ್ರೂ ಕ್ರಾಪು ಕೆದರಲ್ಲ. ಹೀರೋಯಿನ್ನಿಗೆ ಕಿರುಚೋದೊಂದೇ ಕೆಲಸ. ಅದನ್ನೆಲ್ಲ ಉಗಿ, ನಾನೂ ಜೊತೆಗೆ ಉಗೀತೀನಿ. ಆದ್ರೆ ಆ ಪ್ರವಾಹ?"

"ಅನ್ನಿಸಿದ್ದನ್ನ ಬರೆದಿದ್ದೀನಿ."

ಬಡಿಸುತ್ತಿದ್ದ ಅಮ್ಮ ಸೌಟು ಕೆಳಗಿಟ್ಟಳು. "ಸುಳ್ಳು ಹೇಳ್ಬೇಡ. ಪ್ರವಾಹದಲ್ಲಿ ಆ ಹೆಂಗಸು ಮಗು ಎತ್ಕೊಂಡು ಮಹಡಿ ಹತ್ತುವಾಗ ನನ್ನ ಕೈ ಹಿಡ್ಕೊಂಡೋನು ನೀನಲ್ವೇನೋ? ಬೆರಳು ನೋಯೋ ಹಾಗೆ ಹಿಡಿದಿದ್ದೆ."

ಅಣ್ಣನ ಕಿವಿ ಕೆಂಪಾಯಿತು. "ಹೊಗಳಿದ್ರೆ ಜನ ಏನಂತಾರಮ್ಮ? ತಂಗಿ ಕೆಲಸ, ಅದಕ್ಕೇ ಅಟ್ಟಕ್ಕೇರಿಸಿದಾನೆ ಅಂತಾರೆ. ಆಫೀಸಲ್ಲಿ ಎಲ್ಲರಿಗೂ ಗೊತ್ತು."

"ಹಾಗಾದ್ರೆ ಆ ದೃಶ್ಯದ ಸುದ್ದಿಗೇ ಹೋಗದೆ ಇರಬಹುದಿತ್ತು." ತಂಗಿಯ ದನಿ ತಗ್ಗಿತು. "ನಿಷ್ಠುರ ಅನ್ನಿಸ್ಕೊಳ್ಳೋಕೆ ನಿಂಗೆ ನಾನೇ ಬೇಕಾಗಿತ್ತಾ? ನಮ್ಮ ಬಾಸು ಬೆಳಿಗ್ಗೆ ಎಲ್ಲರೆದುರು ಆ ಸಾಲು ಓದಿದ್ರು. ಎಲ್ಲ ನಕ್ಕರು. ಮುಂದಿನ ಚಿತ್ರಕ್ಕೆ ನನ್ನ ತಂಡಾನ ಬೇರೆಯವರಿಗೆ ಒಪ್ಪಿಸಿದ್ರು. 'ನಿಮ್ಮಣ್ಣನಿಗೇ ಹಿಡಿಸಿಲ್ವಲ್ಲಮ್ಮ' ಅಂದ್ರು."

ಅವನು ತುತ್ತನ್ನು ತಟ್ಟೆಗೇ ಬಿಟ್ಟ. ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದಳು. ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡು ಹಿಂದೆ ಓಡಿದ. ಬಸ್ ನಿಲ್ದಾಣದಲ್ಲಿ ಸಿಕ್ಕಳು.

"ದೃಶ್ಯ ಚೆನ್ನಾಗಿತ್ತು ಕಣೆ," ಎಂದ, ಏದುಸಿರು ಬಿಡುತ್ತ. "ನಿಜವಾಗ್ಲೂ. ಅಂಥದ್ದನ್ನ ನಾನು ನೋಡೇ ಇರಲಿಲ್ಲ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಲ್ಲಿ ಯಾರಿಗೂ ಕೇಳಿಸಲ್ಲ, ಅದಕ್ಕೇ ಹೇಳ್ತಿದ್ದೀಯ."

ಬಸ್ಸು ಬಂತು. ಅವಳ ಹಿಂದೆಯೇ ಅವನೂ ಹತ್ತಿದ. ಅವಳು ಕಿಟಕಿಯ ಪಕ್ಕ ಕುಳಿತಳು. ಪಕ್ಕದ ಸೀಟು ಖಾಲಿಯಿತ್ತು. ಅವನು ಹತ್ತಿರ ಬರುವಷ್ಟರಲ್ಲಿ ಅವಳು ಮಡಿಲಲ್ಲಿದ್ದ ಬ್ಯಾಗನ್ನೆತ್ತಿ ಆ ಸೀಟಿನ ಮೇಲಿಟ್ಟು ಹೊರಗೆ ನೋಡತೊಡಗಿದಳು. ಅವನು ಮೇಲಿನ ಕಂಬಿ ಹಿಡಿದು, ಬಸ್ಸು ತಿರುಗಿದಾಗಲೆಲ್ಲ ತೂರಾಡುತ್ತ, ಅಲ್ಲೇ ನಿಂತ.