ಚಲೋ ಸಾಲಿನ ಫೋಟೋ

"ಫೋಟೋ ಭಾಳ ಚಲೋ ಬಂದೈತ್ರಿ ಅಣ್ಣಾರ. ಆದ್ರ ನಮ್ಮ ನೀರಿನ ಮಾತು ಎಲ್ಲೈತ್ರಿ?"

ಗೌಹರಬಿ ಪತ್ರಿಕೆಯನ್ನು ಕಟ್ಟೆಯ ಮೇಲೆ ಹರವಿಕೊಂಡು, ಹಿಂದಿನ ಪುಟವನ್ನೂ ತಿರುವಿ ನೋಡಿ ಕೇಳಿದಳು. ಉರ್ದು ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ ಹೆಣ್ಣುಮಗಳು. ಕನ್ನಡ ಓದುವುದನ್ನು ನಾನು ಹಾಕುವ ಪತ್ರಿಕೆಯಲ್ಲೇ ಅಕ್ಷರ ಕೂಡಿಸಿ ಕೂಡಿಸಿ ಕಲಿತಿದ್ದಳು. ಹಾಗಾಗಿ ಅವಳಿಗೆ ಸುಳ್ಳು ಹೇಳಿ ಪಾರಾಗುವಂತಿರಲಿಲ್ಲ.

ಸವಣೂರಿನಲ್ಲಿ ಹದಿನೆಂಟು ವರ್ಷ ಮನೆಮನೆಗೆ ಪತ್ರಿಕೆ ಹಾಕಿದವನು ನಾನು. ಹಾಕುತ್ತ ಹಾಕುತ್ತ ಓದಿ, ಓದುತ್ತ ಬರೆಯುವುದನ್ನು ಕಲಿತು, ಅದೇ ಪತ್ರಿಕೆಗೆ ತಾಲ್ಲೂಕಿನ ವರದಿಗಾರನಾದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನನ್ನು ಯಾರಾದರೂ "ಪತ್ರಕರ್ತರ" ಎಂದು ಕರೆದರೆ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.

ಪುರವಣಿಯ ಪುಟದ ತುಂಬ ಗೌಹರಬಿಯ ಗಂಡ ಗೌಸಸಾಬರು ನಗುತ್ತಿದ್ದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಅಂಗಿ, ಕೈತುಂಬ ಹಸಿರು ವೀಳ್ಯದೆಲೆ. ಮೇಲೆ ದಪ್ಪ ಅಕ್ಷರದಲ್ಲಿ, "ಕಾರ್ಖಾನೆ ಬಂತು, ಎಲೆಬಳ್ಳಿ ನಕ್ಕಿತು." ಪಕ್ಕದ ಪುಟ ಪೂರ್ತಿ ಹತ್ತಿಮತ್ತೂರು ರಸ್ತೆಯ ರಟ್ಟಿನ ಕಾರ್ಖಾನೆಯ ಐದನೇ ವರ್ಷದ ಜಾಹೀರಾತು. ಆ ಕಾರ್ಖಾನೆ ಹಳ್ಳಕ್ಕೆ ಬಿಡುವ ನೊರೆನೀರಿನಿಂದ ಆ ಹಳ್ಳದ ನೀರನ್ನೇ ಹಾಯಿಸಿಕೊಳ್ಳುವ ಸಾಬರ ಅರ್ಧ ಎಕರೆ ತೋಟದಲ್ಲಿ ಹೆಚ್ಚುಕಡಿಮೆ ಎಲ್ಲ ಬಳ್ಳಿಯೂ ಹಳದಿಗಟ್ಟಿದೆ ಎಂದು ನಾನು ಬರೆದಿದ್ದೆ. ಅದರ ಒಂದು ಸಾಲೂ ಅಲ್ಲಿರಲಿಲ್ಲ.

ಬೇಸಿಗೆ ಬಲಿಯುವುದರೊಳಗೆ ಆ ನೀರು ನಿಲ್ಲದಿದ್ದರೆ ಬಳ್ಳಿ ಬೇರಿನಿಂದಲೇ ಕೊಳೆಯುತ್ತದೆ. ಬೇರು ಕೊಳೆತ ಎಲೆತೋಟವನ್ನು ಮತ್ತೆ ಎಬ್ಬಿಸಿದವರನ್ನು ನಾನು ಕಂಡಿಲ್ಲ. ನೀರು ನಿಲ್ಲಿಸಲು ಸರಕಾರದವರು ಬರಬೇಕು, ಅವರು ಬರಬೇಕೆಂದರೆ ಪೇಪರಿನಲ್ಲಿ ಸುದ್ದಿ ಬರಬೇಕು. ಸಾಬರೂ ನಾನೂ ಹಾಗೆ ನಂಬಿದ್ದೆವು.

ಫೋಟೋ ತೆಗೆದವನೂ ನಾನೇ. ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹೊರಗೆ ಬಿಟ್ಟು, ಮೊಬೈಲ್ ಹಿಡಿದು ಹಳದಿ ಸಾಲುಗಳ ಕಡೆ ಹೊರಟಿದ್ದೆ. ಸಾಬರು ಅಡ್ಡ ಬಂದರು.

"ಅಲ್ಲಿ ಬ್ಯಾಡ್ರಿ ಪರಮೇಶಪ್ಪಾರ. ಬ್ಯಾನಿ ಬಿದ್ದ ಬಳ್ಳಿ ಮಗ್ಗಲಕ ನಿಂತು ಫೋಟೋ ತಗಸ್ಕೊಂಡ್ರ ಅದು ಮತ್ತ ಏಳಂಗಿಲ್ಲ. ನಮ್ಮಪ್ಪ ಹೇಳ್ತಿದ್ದ."

"ಬ್ಯಾನಿ ತೋರಿಸಾಕ ಅಲ್ಲೇನ್ರಿ ನಾನು ಬಂದಿದ್ದು?"

"ಅದನ್ನ ನೀವು ಬರೀರಿ. ಬರದ್ರ ದೋಷ ಇಲ್ಲ. ಚಿತ್ರ ಬ್ಯಾರೆ."

ಇಲ್ಲಿಯ ಎಲೆತೋಟದ ಹಳಬರೆಲ್ಲ ಇದೇ ಮಾತು ಹೇಳುತ್ತಾರೆ. ನಾನು ಹೆಚ್ಚು ಜಗ್ಗಾಡಲಿಲ್ಲ. ಅವರು ಅಂಗಿ ಬದಲಿಸಿ ಬಂದರು. ಮೇಲಿನ ಮೂಲೆಯಲ್ಲಿ ಬಾವಿಯ ನೀರು ಕುಡಿಯುತ್ತಿದ್ದ ಎರಡೇ ಎರಡು ಸಾಲು ಹಸಿರಿದ್ದವು. ಅದರ ಮುಂದೆ ನಿಂತರು. ಗೌಹರಬಿ ಬದುವಿನ ಮೇಲಿಂದ ಕೂಗಿದಳು. "ನಗ್ರಿ ಒಂಚೂರು. ಮೋತಿ ಗಂಟ ಹಾಕಿದ್ರ ಠಾಣೇದಾಗ ತಗದಂಗ ಕಾಣ್ತೈತಿ." ಸಾಬರು ನಕ್ಕರು. ನಾನು ಒತ್ತಿದೆ. ಹೇಳಬೇಕಾದದ್ದನ್ನು ನನ್ನ ಅಕ್ಷರ ಹೇಳುತ್ತದೆ ಎಂದುಕೊಂಡಿದ್ದೆ.

ಪುರವಣಿ ಬಂದ ದಿನವೇ ಹುಬ್ಬಳ್ಳಿಯ ಕಚೇರಿಗೆ ಫೋನ್ ಹಚ್ಚಿದೆ. ಪುಟ ಕಟ್ಟುವ ಸುದೀಪ ಎತ್ತಿದ. ಒಳ್ಳೆಯ ಹುಡುಗ, ನನ್ನ ಒತ್ತು ದೀರ್ಘಗಳನ್ನು ತಿದ್ದಿ ತಿದ್ದಿ ನನಗೆ ಕನ್ನಡ ಕಲಿಸಿದವನು.

"ನನ್ನ ಸುದ್ದಿ ಎಲ್ಲಿ ಹೋತಪಾ?"

"ಎಲ್ಲೂ ಹೋಗಿಲ್ರಿ ಕಾಕಾ, ಕಂಪ್ಯೂಟರ್ದಾಗ ಐತಿ. ಜಾಗಾ ಸಾಲಲಿಲ್ಲ."

"ಫೋಟೋಕ್ಕ ಜಾಗಾ ಸಾಲ್ತಲ್ಲ."

"ಪುರವಣಿಗೆ ಒಬ್ಬ ನಗೋ ರೈತ ಬೇಕಾಗಿದ್ದ. ಹುಡಕಾಕತ್ತಿದ್ದೆ, ನಿಮ್ಮ ಸಾಬರು ಸಿಕ್ರು. ಈಗಿನ ಕಾಲದಾಗ ನಗೋ ರೈತನ ಫೋಟೋ ಎಲ್ಲಿ ಸಿಗ್ತೈತ್ರಿ."

"ಹಂಗ ಹಾಕಂತ ಹೇಳಿದವ್ರು ಯಾರು? ಕಾರ್ಖಾನಿಯವ್ರ? ನಿಮ್ಮ ಸಾಹೇಬ್ರ?"

"ಯಾರೂ ಹೇಳಿಲ್ರಿ. ಯಾರರ ಹೇಳಿದ್ರ ನಾನೂ ಜಗಳಾ ತಗೀತಿದ್ದೆ. ಎಂಟು ವರ್ಷ ಆತು ಇಲ್ಲಿ ಕುಂತು. ಯಾವುದು ಯಾವುದರ ಮಗ್ಗಲಕ ಹೋಗಬಾರದು ಅಂತ ಕೈಗೆ ಗೊತ್ತಾಗೇತಿ. ತಲಿಗೆ ಕೇಳೂದ ಇಲ್ಲ ಅದು. ಮತ್ತ ಕಾಕಾ, ಸಿಟ್ಟಾಗಬ್ಯಾಡ್ರಿ, ಆ ಜಾಹೀರಾತು ತಂದವ್ರು ಯಾರು?"

ನಾನೇ. ತಾಲ್ಲೂಕಿನ ವರದಿಗಾರನಿಗೆ ಪಗಾರವೆಂಬುದಿಲ್ಲ. ತಂದುಕೊಟ್ಟ ಜಾಹೀರಾತಿನಲ್ಲಿ ಒಂದು ಪಾಲು, ಅದರಲ್ಲೇ ನನ್ನ ಮನೆ ನಡೆಯುವುದು. ಎರಡು ವಾರದ ಹಿಂದೆ ಅದೇ ಕಾರ್ಖಾನೆಯ ತಣ್ಣನೆಯ ಖೋಲಿಯಲ್ಲಿ ಕುಳಿತು, ಚಹಾ ಕುಡಿದು, ಎರಡೂ ಕೈಯೆತ್ತಿ ನಮಸ್ಕಾರ ಹೇಳಿ ಬಂದಿದ್ದೆ. ಜಾಹೀರಾತು ಒಂದು ಕಿಸೆ, ಸುದ್ದಿ ಇನ್ನೊಂದು ಕಿಸೆ ಎಂಬ ಲೆಕ್ಕ ನನ್ನದು. ಎರಡೂ ಒಂದೇ ಅಂಗಿಗಿದ್ದವು.

"ಏನರ ಆಗ್ಲಿ, ನಾಳೆ ತಿದ್ದುಪಡಿ ಹಾಕು."

"ಏನಂತ ಹಾಕ್ಲಿ ಹೇಳ್ರಿ. ಸಾಬರು ನಕ್ಕಿದ್ದು ಖರೇ. ಎಲಿ ಹಸರಿದ್ದದ್ದೂ ಖರೇ."

ನಾನು ಫೋನ್ ಇಟ್ಟೆ.

ಸೋಮವಾರ ಸಾಬರನ್ನು ಕರೆದುಕೊಂಡು ತಹಶೀಲ್ದಾರರ ಕಚೇರಿಗೆ ಹೋದೆ. ನಾನು ಬರೆದುಕೊಟ್ಟ ಅರ್ಜಿ, ಬಾಟಲಿಯಲ್ಲಿ ಹಳ್ಳದ ನೀರು. ಸಾಹೇಬರು ಕೆಟ್ಟವರಲ್ಲ, ಇಬ್ಬರಿಗೂ ಕುರ್ಚಿ ಕೊಟ್ಟರು, ಅರ್ಜಿ ಪೂರ್ತಿ ಓದಿದರು. ಆಮೇಲೆ ಮೇಜಿನ ಖಾನೆಯಿಂದ ಪುರವಣಿ ತೆಗೆದರು.

"ಇವ್ರು ನೀವ ಅಲ್ಲೇನ್ರಿ?"

"ಹೌದ್ರಿ ಸಾಹೇಬ್ರ."

"ತೋಟ ಚಲೋ ಐತಲ್ಲ."

"ಅದು ಮ್ಯಾಲಿನ ಸಾಲ್ರಿ. ಕೆಳಗ ಬಂದ ನೋಡ್ರಿ, ಎಲ್ಲಾ ಹೋಗೇತಿ."

"ಕೆಳಗಿನ ಸಾಲಿಂದು ಫೋಟೋ ಐತೇನು?"

ಸಾಬರು ನನ್ನ ಮುಖ ನೋಡಿದರು. "ಈಗ ಹೋಗಿ ತಗೊಂಡ ಬರ್ತೇನ್ರಿ," ಎಂದೆ.

"ತಗೊಂಡ ಬರ್ರಿ, ಅರ್ಜಿಗೆ ಹಚ್ಚೋಣು. ಆದ್ರ ಒಂದ ಮಾತು. ಕಾರ್ಖಾನಿಯವ್ರು ಇದನ್ನ ತೋರಸ್ತಾರ. ನನ್ನ ಮ್ಯಾಲಿನವ್ರೂ ಇದನ್ನ ಓದಿ, ಚಲೋ ಆತಲ್ಲ ಅಂತ ಫೋನ್ ಮಾಡ್ಯಾರ. ಇದು ಪೇಪರ್ದಾಗ ಬಂದದ್ದು. ನಿಮ್ಮದು ಮೊಬೈಲಿಂದು. ನಾನು ಯಾವುದನ್ನ ಮ್ಯಾಲ ಇಡ್ಲಿ?"

ಹೊರಗೆ ಕಟ್ಟೆಯ ಮೇಲೆ ಶೇಖವ್ವ ಯಾವುದೋ ಪಹಣಿಗಾಗಿ ಕಾಯುತ್ತ ಕುಳಿತಿದ್ದಳು. ಅವಳ ತೋಟವೂ ಅದೇ ಹಳ್ಳದ ದಂಡೆಗೆ, ಸಾಬರ ತೋಟದ ಕೆಳಗೆ.

"ಏನ ಗೌಸಣ್ಣ, ಕಾರ್ಖಾನಿಯವ್ರು ಟೊಪ್ಪಿಗಿ ಅಷ್ಟ ಕೊಟ್ರೋ, ಅಂಗೀನೂ ಹೊಲಿಸಿ ಕೊಟ್ರೋ?"

"ಶೇಖವ್ವಾ, ಹಂಗನಬ್ಯಾಡ," ಎಂದೆ ನಾನು.

"ನಾ ಏನ ಅಂದೆ? ಪೇಪರ್ದಾಗ ಐತಿ, ಓದಿಸಿ ಕೇಳೇನಿ. ನಮ್ಮ ಬಳ್ಳಿ ಅಳಾಕತ್ತಾವ, ಇವರವು ನಕ್ಕಾವಂತ."

ಅವತ್ತೇ ಕೆಳಗಿನ ಸಾಲಿನ ಫೋಟೋ ತೆಗೆದು ಅರ್ಜಿಗೆ ಹಚ್ಚಿ ಬಂದೆ. ನಾನು ತೆಗೆಯುವಾಗ ಸಾಬರು ಬೇರೆ ಕಡೆ ಮುಖ ಮಾಡಿ ನಿಂತಿದ್ದರು. ಎರಡು ವಾರ ಯಾರೂ ಬರಲಿಲ್ಲ.

ಮೂರನೆಯ ವಾರ ತೋಟಕ್ಕೆ ಹೋದೆ. ಬಾವಿ ಬತ್ತಿ ತಳ ಕಾಣುತ್ತಿತ್ತು. ಸಾಬರು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಎಲೆಯನ್ನು ಹಿಂದೆ ಮುಂದೆ ತಿರುವುತ್ತಿದ್ದರು. ಗೌಹರಬಿ ಸಲಿಕೆ ಹಿಡಿದು ಕಾಲುವೆಯ ಕಸ ತೆಗೆಯುತ್ತಿದ್ದಳು.

"ಬರ್ರಿ, ಕುಂದರ್ರಿ," ಎಂದರು ಸಾಬರು. "ನಾನ ಹಿಂಡಿ ಗೊಬ್ಬರ ಹೆಚ್ಚ ಹಾಕಿದ್ನೋ ಏನೋ. ಅದಕ್ಕ ಹಳದಿ ಹೊಡದಿರಬೇಕು."

"ಹಿಂಡಿ ಅಲ್ರಿ, ನೀರು. ನನಗ ತೋರಿಸಿ ಕೊಟ್ಟವ್ರ ನೀವು."

"ಕೊಟ್ಟಿದ್ದೆ. ಆದ್ರ ಈಗ ಖಾತ್ರಿ ಹೇಳಾಕ ಆಗವಲ್ದು."

"ಫೋಟೋದ ಮ್ಯಾಲ ಬರದದ್ದು ಸುಳ್ಳ ಐತ್ರಿ. ಬರಿಯೋ ಮಂದಿ ಪೈಕಿ ನಾನ ಹೇಳಾಕತ್ತೇನಿ."

"ನೀವೊಬ್ರ ಹೇಳಾಕತ್ತೀರಿ. ಬಂಕಾಪುರದ ನಮ್ಮ ಬೀಗರು ಫೋನ್ ಮಾಡಿ ಮುಬಾರಕ ಅಂದ್ರು. ಮಸೂತಿ ಮುಂದ ನಾಕ ಮಂದಿ ನಿಲ್ಲಿಸಿ ಕೇಳಿದ್ರು." ಅವರು ಎಲೆಯನ್ನು ಕೆಳಗಿಟ್ಟರು. "ಹದಿನೆಂಟು ವರ್ಷ ನೀವ ತಂದ ಹಾಕಿದ್ದನ್ನ ಓದೇನಿ. ಮಳಿ ಬರ್ತೈತಿ ಅಂದ್ರ ನಂಬೇನಿ. ಯಾವ ಊರಾಗ ಯಾರು ಕೆಟ್ಟವ್ರು ಅಂದ್ರ ನಂಬೇನಿ. ಇದೊಂದ ಸುಳ್ಳಂದ್ರ, ಅದನ್ನೆಲ್ಲಾ ಏನ ಮಾಡ್ಲಿ ನಾನು?"

ಆ ಪ್ರಶ್ನೆಯನ್ನು ಅವರು ನನ್ನ ಮೇಲಿನ ಸಿಟ್ಟಿನಿಂದ ಕೇಳಲಿಲ್ಲ.

"ಇನ್ನೊಮ್ಮೆ ಬರೀರಿ ಅಣ್ಣಾರ," ಗೌಹರಬಿ ಸಲಿಕೆ ಊರಿ ನಿಂತು ಹೇಳಿದಳು. "ಸಣ್ಣದಾಗಿ ಬರೀರಿ, ಮೂಲ್ಯಾಗ ಹಾಕ್ಲಿ."

"ಬರೀತೇನವಾ," ಎಂದೆ. ಬರೆದದ್ದು ಯಾವ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತದೆ ಎಂಬುದು ನನಗೆ ಗೊತ್ತಿತ್ತು. ಅದು ನನ್ನ ಮುಖದಲ್ಲಿ ಕಂಡಿರಬೇಕು.

"ಬ್ಯಾಡ ಬಿಡ್ರಿ," ಎಂದರು ಸಾಬರು. "ಮತ್ತ ಬರದ್ರ ಅದು ಏನ ಆಗಿ ಹೊಳ್ಳಿ ಬರ್ತೈತೋ. ಇರೂದು ಇದ್ದಂಗ ಇರ್ಲಿ."

ಅಷ್ಟರಲ್ಲಿ ಮೂರು ಫೇಸಿನ ಕರೆಂಟ್ ಬಂತು. ಹಗಲಿಗೆ ಎರಡು ತಾಸು ಬಂದರೆ ಹೆಚ್ಚು. ಸಾಬರು ಲುಂಗಿ ಎತ್ತಿ ಕಟ್ಟಿಕೊಂಡು ಹಳ್ಳದ ದಂಡೆಗೆ ಇಳಿದು ಮೋಟಾರು ಚಾಲೂ ಮಾಡಿದರು. ಪೈಪು ಒಂದೆರಡು ಸಲ ಕೆಮ್ಮಿತು, ಆಮೇಲೆ ನೀರು ಬಿತ್ತು. ಗೌಹರಬಿ ಸಲಿಕೆಯಿಂದ ಒಡ್ಡು ಕಡಿದು, ನೊರೆಯ ಸಮೇತ ಅದನ್ನು, ಇಷ್ಟು ದಿನ ಬಾವಿಯ ನೀರು ಕುಡಿದು ಹಸಿರಾಗಿದ್ದ ಮೇಲಿನ ಎರಡು ಸಾಲಿಗೆ ತಿರುಗಿಸಿದಳು.