ಹೊಸ್ತಿಲ ಮೇಲೆ ಶೆನ್ ಟೀಚರ್

ನನ್ನ ಗಂಡ ಗೋಪೀನಾಥರಿಗೆ ಎರಡು ವಿಷಯದಲ್ಲಿ ಜಂಬ. ಒಂದು, ತಾವು ಮಾಡುವ ಫಿಲ್ಟರ್ ಕಾಫಿ. ಇನ್ನೊಂದು, ಮನೆಯಲ್ಲಿ ತಮ್ಮ ಮಾತಿಗೆ ಯಾರೂ ಎದುರಾಡುವುದಿಲ್ಲ ಎಂಬುದು. ಕಾಫಿಯ ವಿಷಯ ನಿಜ.

ಜನವರಿಯಲ್ಲಿ ಮಗಳು ಸಂಯುಕ್ತಾಗೆ ಮೆಲ್ಬೋರ್ನಿನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿತು. ಶುಕ್ರವಾರದೊಳಗೆ ಒಪ್ಪಿಗೆ ಕಳಿಸಬೇಕಿತ್ತು. ಮಗ ಅದ್ವಿಕ್‌ನನ್ನು ಅಡಿಲೇಡಿಗೆ ಓದಲು ಕಳಿಸಿದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದ ಮನುಷ್ಯ ಈಗ ರಾಗ ಬದಲಿಸಿದರು.

"ಸಿಡ್ನಿಯಲ್ಲಿ ಕಾಲೇಜಿಲ್ವಾ? ಮನೆಯಿಂದ್ಲೇ ಟ್ರೇನಲ್ಲಿ ಹೋಗಿ ಬರ್ಲಿ. ಹುಡುಗಿ, ಒಬ್ಳೇ ಅಲ್ಲಿ ಹೇಗಿರ್ತಾಳೆ?"

"ಅದ್ವಿಕ್ ಒಬ್ನೇ ಇದ್ದ ಅಲ್ವೇನ್ರೀ?"

"ಅದು ಬೇರೆ ವಿಷಯ, ಅನಸೂಯಾ."

ಸಂಯುಕ್ತಾ ರೂಮಿನ ಬಾಗಿಲು ಹಾಕಿಕೊಂಡಳು. ಅಪ್ಪ ಬಾಯಿಬಿಟ್ಟು ಹೋಗು ಎನ್ನದೆ ಕದ್ದು ಹೋದವಳಂತೆ ಹೋಗಲಾರೆ ಎಂಬುದು ಅವಳ ಹಟ. ಹಟಕ್ಕೆ ಅಪ್ಪನ ಮಗಳೇ.

ಮಂಗಳವಾರ ಸಂಜೆ ನಾನು ದೀಪ ಹಚ್ಚುವ ಹೊತ್ತಿಗೆ ಶೆನ್ ಟೀಚರ್ ಬಂದರು. ಸಿಡ್ನಿ ಅಂಚಿನ ಸ್ಕೋಫೀಲ್ಡ್ಸ್‌ನ ನಮ್ಮ ಬೀದಿಯಲ್ಲೇ, ಮಗನ ಮನೆಯಲ್ಲಿರುವ ಎಂಬತ್ತರ ಮುದುಕಿ. ಚೀನಾದ ಯಾವುದೋ ಬೆಟ್ಟದ ಸೀಮೆಯಲ್ಲಿ ಖಾಲಿ ಬಿದ್ದ ಕಣಜದೊಳಗೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದು, ಕೂದಲು ಬೆಳ್ಳಗಾಗುವವರೆಗೆ ನಡೆಸಿದವರು. ಸಂಯುಕ್ತಾಗೆ ಎರಡು ವರ್ಷ ಗಣಿತ ಹೇಳಿಕೊಟ್ಟಿದ್ದರು. ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಗೋಪೀನಾಥರ ಕೈಯ ಒಂದು ಲೋಟ ಕಾಫಿ ಮಾತ್ರ.

ಸಂಯುಕ್ತಾಳಿಂದ ವಿಷಯ ತಿಳಿದಿರಬೇಕು, ಅಂದು ಅವರು ಒಳಗೆ ಬರಲಿಲ್ಲ. ಕಂಕುಳಲ್ಲಿದ್ದ ದಿಂಬನ್ನು ಹೊಸ್ತಿಲ ಮೇಲೆ ಹಾಕಿ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟು ಕುಳಿತೇಬಿಟ್ಟರು. ನಮ್ಮ ಹೊಸ್ತಿಲೆಂದರೆ ಒಂದು ಅಲ್ಯೂಮಿನಿಯಂ ಪಟ್ಟಿ. ಆದರೂ ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚುವವಳು.

ಗೋಪೀನಾಥ ಕಾಫಿ ತಂದರು. ಶೆನ್ ಟೀಚರ್ ತಲೆ ಅಲ್ಲಾಡಿಸಿದರು.

"ಹುಡುಗಿಗೆ ಹೋಗು ಎನ್ನಿ, ಆಮೇಲೆ ಕುಡಿಯುತ್ತೇನೆ," ಎಂದರು ತಮ್ಮ ಚುಟುಕು ಇಂಗ್ಲಿಷಿನಲ್ಲಿ.

"ಮೇಡಂ, ದೀಪ ಹಚ್ಚೋ ಹೊತ್ತಲ್ಲಿ ಹೊಸ್ತಿಲ ಮೇಲೆ ಕೂರಬಾರದು. ನಮ್ಮಲ್ಲಿ ಅದು ಅಶುಭ."

"ನಮ್ಮಲ್ಲೂ ಅಶುಭವೇ. ಅದಕ್ಕೇ ಕೂರುವುದು."

ಶಾಲೆಗೆ ಮಗಳನ್ನು ಕಳಿಸದ ಅಪ್ಪಂದಿರ ಮನೆಗಳಲ್ಲಿ ಅವರು ಹೀಗೆಯೇ ಕೂರುತ್ತಿದ್ದರಂತೆ. ಟೀಚರನ್ನು ದಾಟಿಕೊಂಡು ಹೊಲಕ್ಕೆ ಹೋಗಲು ಗಂಡಸರಿಗೆ ನಾಚಿಕೆ. ಕೆಲವರು ನಾಯಿ ಬಿಟ್ಟರು, ಕೆಲವರು ನೀರು ಎರಚಿದರು. ಕೊನೆಗೆ ಹುಡುಗಿ ಸ್ಲೇಟು ಹಿಡಿದು ಹೊರಬರುತ್ತಿದ್ದಳು. ಅವರಲ್ಲೊಬ್ಬಳು ಈಗ ಅದೇ ಶಾಲೆಯ ಹೆಡ್‌ಮಿಸ್.

ಬುಧವಾರವೂ ಬಂದರು. ಇಲ್ಲಿ ಜನವರಿಯೆಂದರೆ ಬೇಸಿಗೆ, ಹೊರಗೆ ಬೆಂಕಿಯಂಥ ಬಿಸಿಲು. ಗೋಪೀನಾಥ ಎಳನೀರು ತಂದರು, ಐಸ್ ನೀರು ತಂದರು, ಫ್ಯಾನನ್ನೂ ತಂದಿಟ್ಟರು. ಫ್ಯಾನಿನ ಗಾಳಿಯನ್ನು ಮಾತ್ರ ಮುದುಕಿ ಬೇಡವೆನ್ನಲಿಲ್ಲ. ಮನೆಗೆ ಬಂದವರು ಕಾಫಿ ಬಿಟ್ಟು ಎದ್ದುಹೋಗುವುದು ನನ್ನ ಗಂಡನಿಗೆ ಜೀವಮಾನದಲ್ಲೇ ಆಗಿರಲಿಲ್ಲ. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ. ನನಗೆ ಒಳಗೊಳಗೇ ಖುಷಿ.

ಗುರುವಾರ ಸಂಜೆ ಶೆನ್ ಟೀಚರ್ ಪಕ್ಕ ಗೋಪೀನಾಥ ನೆಲದ ಮೇಲೆ ಕುಳಿತು ಮೆತ್ತಗೆ ಕೇಳಿದರು. "ನೀವು ಕೂತ ಮನೆಯವರೆಲ್ಲ ಒಪ್ಪಿದ್ರಾ?"

"ಒಂದು ಮನೆ ಒಪ್ಪಲಿಲ್ಲ. ನನ್ನ ಅಪ್ಪನ ಮನೆ. ತಂಗಿಗಾಗಿ ಕೂತಿದ್ದೆ. ನಾನು ಮುಂಬಾಗಿಲಲ್ಲಿರುವಾಗ ಅವಳನ್ನು ಹಿಂಬಾಗಿಲಿನಿಂದ ಗಂಡನ ಮನೆಗೆ ಕಳಿಸಿಬಿಟ್ಟರು. ಸಾಯುವವರೆಗೂ ಅವಳಿಗೆ ತನ್ನ ಹೆಸರು ಬರೆಯಲು ಬರಲಿಲ್ಲ."

ಅಡುಗೆಮನೆಯಲ್ಲಿ ನಿಂತು ನಾನು ಇದನ್ನು ಕೇಳಿಸಿಕೊಂಡೆ. ಮೂರು ದಿನದಿಂದ ಆ ಮುದುಕಿ ನನ್ನ ಮಗಳಿಗಾಗಿ ಬಾಗಿಲಲ್ಲಿ ಕೂತಿದ್ದಾರೆ, ನಾನು ತಮಾಷೆ ನೋಡುತ್ತಿದ್ದೇನೆ. ಸೋಫಾದ ದಿಂಬೊಂದನ್ನು ಎತ್ತಿಕೊಂಡು ಹೋಗಿ, ಹಿಂಬಾಗಿಲು ತೆಗೆದು, ಅಲ್ಲಿ ಕುಳಿತೆ.

ಸ್ವಲ್ಪ ಹೊತ್ತಿಗೆ ಗೋಪೀನಾಥ ಎರಡು ಲೋಟ ಹಿಡಿದು ಬಂದರು. ಮುಂದುಗಡೆ ಬೇಡವೆನಿಸಿಕೊಂಡು ಬಂದಿದ್ದರು.

"ನೀನಾದ್ರೂ ಕುಡಿಯೇ."

"ಬೇಡ. ಆ ಬಾಗಿಲು ಅವರದು, ಈ ಬಾಗಿಲು ನಂದು. ಸಂಯುಕ್ತಾಗೆ ಹೋಗು ಅನ್ನೋ ತನಕ ಈ ಮನೇಲಿ ನಾನೂ ಕಾಫಿ ಮುಟ್ಟಲ್ಲ ಕಣ್ರೀ."

ಅವರು ನನ್ನನ್ನು ನೋಡಿದರು. ತಿರುಗಿ ಮುಂಬಾಗಿಲ ಕಡೆ ನೋಡಿದರು. ಆಮೇಲೆ ಲೋಟಗಳನ್ನು ಹಿಡಿದುಕೊಂಡೇ ಮಗಳ ರೂಮಿನ ಮುಂದೆ ಹೋಗಿ ನಿಂತರು.

"ಸಂಯುಕ್ತಾ, ಬಾಗಿಲು ತೆಗಿ. ಮೆಲ್ಬೋರ್ನಿಗೆ ಹೋಗಮ್ಮ. ಆದರೆ ದಿನಾ ಫೋನ್ ಮಾಡ್ಬೇಕು."

"ಓಕೆ, ಅಪ್ಪ," ಎಂದಳು. ಬಾಗಿಲು ತೆರೆದುಕೊಂಡಿತು.

ಶೆನ್ ಟೀಚರ್ ಕೊನೆಗೂ ಹೊಸ್ತಿಲು ದಾಟಿ ಒಳಗೆ ಬಂದರು. ಗೋಪೀನಾಥರ ಕೈಯಿಂದ ಆರಿದ ಕಾಫಿ ಇಸಿದುಕೊಂಡು, ನಿಧಾನವಾಗಿ ನಡೆದು ಬಂದು, ಹಿಂಬಾಗಿಲಲ್ಲಿ ನನ್ನ ಪಕ್ಕ ಕುಳಿತು ಕುಡಿದರು. ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ಅವತ್ತು ನನ್ನ ಅಮ್ಮ ಇಲ್ಲಿ ಕೂತಿದ್ದರೆ ಸಾಕಿತ್ತು," ಎಂದರು.