ಲಾಡ್ಜಿನ ಗೇಟಿನ ಕ್ಯಾಮೆರಾ

ಏನೂ ಕೆಡದಿದ್ದಾಗ ಹೋಗಿ ನೋಡುವುದು ನನ್ನ ಕೆಲಸ. ಆದೋನಿಯ ಹತ್ತಿ ಮಿಲ್ಲು, ಎಮ್ಮಿಗನೂರಿನ ಲ್ಯಾಬು, ಮಂತ್ರಾಲಯದ ಲಾಡ್ಜುಗಳು, ಎಲ್ಲ ಕಡೆಗೂ ತಿಂಗಳಿಗೊಮ್ಮೆ ಹೋಗಿ ಕಂಪ್ಯೂಟರಿನ ಧೂಳು ತೆಗೆದು, ಬ್ಯಾಟರಿ, ಡಿಸ್ಕು ನೋಡಿ ಬರುತ್ತೇನೆ. ಮರ್ಯಾದೆ ಇಲ್ಲದ ಕೆಲಸ ಇದು. ಕೆಟ್ಟ ಮೇಲೆ ಬಂದವಳಿಗೆ ಚಹಾ ತರಿಸುತ್ತಾರೆ. ಕೆಡದ ಹಾಗೆ ನೋಡಿಕೊಂಡವಳನ್ನು ಕಂಡರೆ ‘ಮತ್ತೆ ಬಂದಳಪ್ಪ’ ಎಂದು ಮುಖ ತಿರುಗಿಸುತ್ತಾರೆ.

ಮಂತ್ರಾಲಯದ ಲಾಡ್ಜಿನ ಲಕ್ಷ್ಮಿಕಾಂತ್ ಅಂಥವರಲ್ಲಿ ಮೊದಲಿಗರು. ಹೋದ ದೀಪಾವಳಿಗೆ ನನ್ನನ್ನು ಬಿಡಿಸಿದರು.

“ಎಲ್ಲಾ ಚಲೋ ನಡದೈತಿ ನಾಗಜ್ಯೋತಿ. ನಡಿಯೋ ಎತ್ತಿಗೆ ಬಾರುಕೋಲು ಯಾಕ?”

“ಲಾಳ ಕಟ್ಟಿಸೋದು ನಡಿಯೋ ಎತ್ತಿಗೇ ಸಾರ್, ಮಲಗಿದ್ದಕ್ಕಲ್ಲ,” ಅಂದೆ. ಅವರು ನಕ್ಕರು. ನಾನು ಚೀಲ ಎತ್ತಿಕೊಂಡು ಬಂದೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅವರದೇ ಫೋನು. “ಲಗೂನ ಬಾರವ್ವ. ನಮ್ಮ ಲಾಡ್ಜಿನಾಗ ಇಳಿದಿದ್ದ ಒಬ್ಬ ಮನಿಷಾ ಕಾಣವಲ್ಲ. ಕ್ಯಾಮೆರಾದಾಗ ನೋಡಬೇಕಂದ್ರ ಏನೂ ಬರವಲ್ದು.” ಸಿಕ್ಕ ಬಸ್ಸು ಹತ್ತಿ ಹೋದೆ.

ಕಾಣೆಯಾದವನು ಮದ್ದಿಕೇರದ ಮಲ್ಲಯ್ಯ, ಕುರಿ ಕಾಯುವವನು. ಎರಡು ವರ್ಷದಿಂದ ಮರೆವು. ಹೆಂಡತಿಯ ಹೆಸರೂ ಒಮ್ಮೊಮ್ಮೆ ಬಾಯಿಗೆ ಬರುತ್ತಿರಲಿಲ್ಲವಂತೆ. ರಾಯರ ಸೇವೆ ಮಾಡಿದರೆ ನೆಟ್ಟಗಾದಾನು ಎಂದು ಹೆಂಡತಿ ಗಾದಿಲಿಂಗಮ್ಮ ಕರೆತಂದಿದ್ದಳು. ನಸುಕಿನಲ್ಲಿ ಆಕೆ ಸ್ನಾನಕ್ಕೆ ಹೋದಾಗ ಅವನು ಬರಿಗಾಲಲ್ಲಿ ಎದ್ದು ಹೋಗಿದ್ದ. ಗೇಟು ದಾಟಿ ಎಡಕ್ಕೆ ಹೋದರೆ ತುಂಗಭದ್ರೆ, ಬಲಕ್ಕೆ ಹೋದರೆ ಎಮ್ಮಿಗನೂರಿನ ರಸ್ತೆ ಮತ್ತು ಬಯಲು ಹೊಲ. ಯಾವ ಕಡೆ ಹೋದ ಎಂದು ಕಂಡವರಿಲ್ಲ. ಅದೊಂದು ಗೊತ್ತಾದರೆ ಸಾಕಿತ್ತು.

ಕೌಂಟರಿನ ಮೇಲಿನ ಟಿವಿಯಲ್ಲಿ ಗೇಟು ಚೆನ್ನಾಗಿಯೇ ಕಾಣುತ್ತಿತ್ತು. ಹಾದು ಹೋಗುವ ಆಟೋ, ಬಾಲ ಅಲ್ಲಾಡಿಸುವ ನಾಯಿ, ಎಲ್ಲ. ಕೌಂಟರಿನ ಕೆಳಗಿನ ರೆಕಾರ್ಡಿಂಗ್ ಬಾಕ್ಸು ಬಿಚ್ಚಿದೆ. ಒಳಗಿನ ಡಿಸ್ಕು ಸತ್ತು ತಿಂಗಳುಗಳಾಗಿದ್ದವು. ಸಂಕ್ರಾಂತಿಯ ನಂತರ ಒಂದು ಗಳಿಗೆಯೂ ರೆಕಾರ್ಡ್ ಆಗಿರಲಿಲ್ಲ.

“ದಿನಾ ಟಿವ್ಯಾಗ ಕಾಣತಿತ್ತಲ್ಲ?” ಅಂದರು ಲಕ್ಷ್ಮಿಕಾಂತ್.

“ಕಾಣೋದು ಬ್ಯಾರೆ, ಉಳಿಸ್ಕಳೋದು ಬ್ಯಾರೆ ಸಾರ್. ಸಂಕ್ರಾಂತಿ ಹೊತ್ತಿಗೆ ಇದರಾಗಿಂದ ಟಕ್ ಟಕ್ ಅಂತ ಸಪ್ಪಳ ಬರತಿತ್ತೇನು?”

ಅವರು ಬಗ್ಗಿ ಬಾಕ್ಸನ್ನು ನೋಡಿದರು. “ಹಲ್ಲಿ ಅಂದ್ಕಂಡಿದ್ದೆ,” ಅಂದರು.

ಚಳಿಗಾಲವೆಲ್ಲ ಅವರು ಏನಾದರೂ ಹೇಳಿದಾಗ ಕೌಂಟರಿನ ಕೆಳಗಿಂದ ಆ ಸದ್ದು ಬರುತ್ತಿತ್ತಂತೆ. ಅವರು ಮೇಜು ತಟ್ಟಿ “ಕೃಷ್ಣ ಕೃಷ್ಣ, ನೋಡ್ರಿ, ಹಲ್ಲಿ ನುಡೀತು, ನನ್ನ ಮಾತು ಸತ್ಯ” ಅನ್ನುತ್ತಿದ್ದರಂತೆ. ಒಂದು ದಿನ ಸದ್ದು ನಿಂತಿತು. ಹಲ್ಲಿ ಬೇರೆ ಕಡೆ ಹೋಯಿತು ಅಂದುಕೊಂಡರು. ಒಂದೇ ಒಂದು ಸಲ ನಾನು ಬಂದಿದ್ದರೆ ಆ ಸದ್ದು ಕೇಳಿ ಡಿಸ್ಕು ಬದಲಿಸುತ್ತಿದ್ದೆ.

ಗಾದಿಲಿಂಗಮ್ಮ ಟಿವಿಯಿಂದ ಕಣ್ಣು ತೆಗೆದಿರಲಿಲ್ಲ. “ಹಂಗಾರ ಅದು ಆತನ್ನ ನೋಡೇ ಇಲ್ಲೇನವ್ವ?”

“ನೋಡೈತಮ್ಮ. ಇಟ್ಕಂಡಿಲ್ಲ,” ಅಂದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಚೀಲದಲ್ಲಿದ್ದ ಹೊಸ ಡಿಸ್ಕು ಹಾಕಿ ರೆಕಾರ್ಡಿಂಗ್ ಶುರು ಮಾಡಿದೆ. ಅಷ್ಟರಲ್ಲಿ ಕಾನ್‌ಸ್ಟೇಬಲ್ ಬಂದು “ಏಟಿಲೋ ಚೂಡಂಡಿ ಮುಂದು” ಅಂದ. ಮೊದಲು ನದಿಯಲ್ಲಿ ನೋಡಿ ಎಂದರೆ ಈ ಊರಲ್ಲಿ ಯಾರೂ ಎದುರಾಡುವುದಿಲ್ಲ, ನೀರಿನ ಭಯ ಅಷ್ಟಿದೆ. ಲಾಡ್ಜಿನವರು, ಸ್ನಾನಘಟ್ಟದವರು, ಈಜು ಬಲ್ಲವರು ಎಲ್ಲರೂ ಎಡಕ್ಕೆ ಓಡಿದರು. ನಾನೂ ಹೋದೆ. ಸಂಜೆಯವರೆಗೆ ಮಡುಗಳಲ್ಲಿ ಹುಡುಕಿದರು. ಗಾದಿಲಿಂಗಮ್ಮ ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ನೀರನ್ನೇ ನೋಡುತ್ತಿದ್ದಳು.

ಮಲ್ಲಯ್ಯ ಮರುದಿನ ಸಿಕ್ಕ. ಎಮ್ಮಿಗನೂರಿನ ರಸ್ತೆ ಬಿಟ್ಟು ಒಳಗಿನ ಹೊಲದಲ್ಲಿ, ಒಂದು ಜಾಲಿ ಗಿಡದ ಬುಡದಲ್ಲಿ. ಪಕ್ಕದಲ್ಲಿ ಯಾರದೋ ಕುರಿಹಟ್ಟಿ ಇತ್ತು, ಅವತ್ತು ಖಾಲಿ. ಬಿಸಿಲಿನ ಝಳಕ್ಕೆ ಸತ್ತಿದ್ದಾನೆ, ಮಧ್ಯಾಹ್ನದವರೆಗೂ ಜೀವ ಇದ್ದಿರಬೇಕು ಅಂದರು ಡಾಕ್ಟರು. ಹೆಣವನ್ನು ಆಸ್ಪತ್ರೆಯಿಂದ ನೇರ ಮದ್ದಿಕೇರಕ್ಕೆ ಒಯ್ದರು.

ಆ ವಾರ ಲಕ್ಷ್ಮಿಕಾಂತ್ ತಾವಾಗಿ ಕರೆದರು, ತಿಂಗಳಿಗೊಮ್ಮೆ ತಪ್ಪದೆ ಬಾ ಎಂದು. ಚಹಾವನ್ನೂ ತರಿಸಿದರು. ಹೊಸ ಡಿಸ್ಕು ಸರಿಯಾಗಿ ಉಳಿಸಿಕೊಳ್ಳುತ್ತಿದೆಯೇ ಎಂದು ನೋಡಲು ಮೊಟ್ಟಮೊದಲ ರೆಕಾರ್ಡಿಂಗ್ ಹಚ್ಚಿದೆ. ಅವರು ನನ್ನ ಬೆನ್ನ ಹಿಂದೆ ನಿಂತಿದ್ದರು.

ಗೇಟು. ಜನ ಎಡಕ್ಕೆ ಓಡಿ ಖಾಲಿಯಾದರು. ಗಾದಿಲಿಂಗಮ್ಮ ಒಬ್ಬಳೇ ಹೊರಗೆ ಬಂದು ನಿಂತಳು. ಆಚೆ ನೋಡಿದಳು, ಈಚೆ ನೋಡಿದಳು. ಆಮೇಲೆ ಬಲಕ್ಕೆ ತಿರುಗಿ ಬಯಲಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದಳು. ಲಕ್ಷ್ಮಿಕಾಂತ್ ಹಿಂದಿನಿಂದ ಓಡಿಬಂದು ಅಡ್ಡ ನಿಂತರು. ಆಕೆ ಹೊಲದ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಳು. ಇವರು ತಲೆ ಅಲ್ಲಾಡಿಸಿದರು, ಕೈ ಮುಗಿದರು, ನದಿಯ ಕಡೆ ತೋರಿಸಿದರು. ಆಕೆ ಒಂದು ಗಳಿಗೆ ನಿಂತು ಸುಮ್ಮನೆ ಅವರ ಹಿಂದೆ ಹೋದಳು.

“ಆಕಿ ಏನಂದ್ಲು ಸಾರ್?” ಅಂತ ಕೇಳಿದೆ.

“‘ನಮ್ಮ ಮನಿಯಾತ ನೀರಿಗೆ ಅಂಜತಾನ, ಕುರಿ ಇದ್ದ ಕಡೆ ಹೋಗಿರ್ತಾನ’ ಅಂದ್ಲು,” ಎಂದರು. “ಅದನ್ನ ಅಳಿಸಿಬಿಡವ್ವ.”

“ಒಂದು ತಿಂಗಳಿಗೆ ಅದು ತಾನಾ ಅಳಿಸ್ಕಂತೈತಿ ಸಾರ್. ನಾನು ಅಳಸಂಗಿಲ್ಲ,” ಅಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಮತ್ತೊಂದು ಸಲ ಹಚ್ಚು ಅಂದರು.